ಕಾಯಂ ಎದುರಾಳಿ

ನಾನು ಕುಸ್ತಿಯವನು. ಹಾಗಂದರೆ ನಮ್ಮ ಇಂಡಿ ಊರಿನ ಹಳೆಯ ಪೈಲ್ವಾನರು ಮೂಗು ಮುರಿಯುತ್ತಾರೆ. ಮುರಿಯಲಿ. ಕೆಂಪು ಮಣ್ಣಿನ ಕಣಕ್ಕಿಳಿದು ಲಂಗೋಟಿ ಬಿಗಿದು ಆಡುವುದು ಅವರ ಕುಸ್ತಿ. ನಾಲ್ಕು ಕಂಬ ನಿಲ್ಲಿಸಿ, ಸುತ್ತ ಹಗ್ಗ ಬಿಗಿದು, ಹಲಗೆಯ ಮೇಲೆ ಹಾಸಿಗೆ ಹಾಸಿ, ಬಣ್ಣದ ಚಡ್ಡಿ ತೊಟ್ಟು ಒಬ್ಬರನ್ನೊಬ್ಬರು ಎತ್ತಿ ಒಗೆಯುವುದು ನನ್ನದು. ನನಗೆ ಗರಡಿಯೂ ಇಲ್ಲ, ಗುರುವೂ ಇಲ್ಲ, ಹಿಂದೆ ನಿಲ್ಲುವ ಕಂಪನಿಯೂ ಇಲ್ಲ. ಮೈದಾನಕ್ಕೆ ಪರವಾನಗಿ ತರುವವನು ನಾನೇ, ಆಟೋಕ್ಕೆ ಮೈಕು ಕಟ್ಟಿ ಊರು ಸುತ್ತುವವನು ನಾನೇ, ಸಂಜೆ ನಾಲ್ಕಕ್ಕೆ ಜನರ ಮುಂದೆ ಒದೆ ತಿನ್ನುವವನೂ ನಾನೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕಿನ ಆಚೆ ನನ್ನ ಹೆಸರು ಯಾರಿಗೂ ಗೊತ್ತಿಲ್ಲ.

ನಮ್ಮ ಆಟದಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಮಾತಾಗಿರುತ್ತದೆ. ಅದನ್ನು ಕೇಳಿದವರು, 'ಹಂಗಾರ ಎಲ್ಲಾ ಸುಳ್ಳೇನ್ರಿ?' ಅನ್ನುತ್ತಾರೆ. ನನಗೆ ಮೈ ಉರಿಯುತ್ತದೆ. ಗೆಲುವು ಸುಳ್ಳಿರಬಹುದು, ಬೀಳುವುದು ಸುಳ್ಳಲ್ಲ. ಬೇಕಾದರೆ ಬಂದು ಒಮ್ಮೆ ಬಿದ್ದು ನೋಡಿ. ಚಳಿಗಾಲದ ಬೆಳಿಗ್ಗೆ ನನ್ನ ಎಡಗೈ ಈಗಲೂ ಅಂಗಿಯ ತೋಳಿಗೆ ಹೋಗುವುದಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ನಮಗಾಗಿಯೇ ಹುಟ್ಟಿರಬೇಕು. ನಾವು ಬೀಳುವಲ್ಲಿ ಮಣ್ಣೇ ಇಲ್ಲವಲ್ಲ!

ಮುದ್ದೇಬಿಹಾಳದವನೊಬ್ಬ ನನ್ನ ಕಾಯಂ ಎದುರಾಳಿಯಾಗಿದ್ದ. ಹದಿನೆಂಟು ವರ್ಷ ನಾವಿಬ್ಬರೇ ಜೋಡಿ. 'ತೀರದ ಹಗೆ' ಎಂದು ಕರಪತ್ರ ಹಾಕಿಸುತ್ತಿದ್ದೆ. ನನ್ನನ್ನು ಎತ್ತಿದಾಗ ನನ್ನ ಕುತ್ತಿಗೆಯ ಕೆಳಗೆ ಅಂಗೈ ಕೊಟ್ಟೇ ಕೆಡಹುತ್ತಿದ್ದ. ಜನಕ್ಕೆ ಕಾಣುತ್ತಿದ್ದುದು ನನ್ನ ಕೂದಲು ಹಿಡಿದ ಕೈ ಮಾತ್ರ. ಪ್ರಾಣವನ್ನು ಇನ್ನೊಬ್ಬನ ಅಂಗೈಯಲ್ಲಿಟ್ಟು ಹೊಟ್ಟೆ ಹೊರೆದವನು ನಾನು. ಅವನಷ್ಟು ಹತ್ತಿರದವರು ನನಗೆ ಬೇರೆ ಯಾರೂ ಇರಲಿಲ್ಲ.

ಆದರೆ ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹಗೆಗಳೆಂದು ಹೆಸರಾದವರು ಹೊರಗೆ ಒಟ್ಟಿಗೆ ಕಾಣಿಸಿಕೊಳ್ಳಬಾರದು. ಒಂದೇ ಬಸ್ಸು ಹತ್ತಬಾರದು, ಒಂದೇ ಅಂಗಡಿಯಲ್ಲಿ ಚಹಾ ಕುಡಿಯಬಾರದು. ಮೊದಮೊದಲು ನಾವು ಅದನ್ನು ಅಷ್ಟಾಗಿ ಹಚ್ಚಿಕೊಂಡಿರಲಿಲ್ಲ. ಒಮ್ಮೆ ಸಿಂದಗಿಯಲ್ಲಿ ಆಟಕ್ಕೆ ಮುಂಚೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಿರ್ಚಿ ತಿನ್ನುತ್ತಿದ್ದೆವು. ಅಂಗಡಿಯವನು, 'ಏನ್ರಿ ಪೈಲ್ವಾನ್ರ, ರಾಜಿ ಆತೇನು?' ಎಂದು ನಕ್ಕ. ಅಂದು ಸಂಜೆ ನಾವು ಕೈ ಕೈ ಮಿಲಾಯಿಸುತ್ತಲೇ ಜನ ಶಿಳ್ಳೆ ಹಾಕಿ, 'ಮಿರ್ಚಿ ತಿನಸ್ಲೇ ಅವಗ' ಎಂದು ಕೂಗಿದರು. ಆ ಅವಮಾನ ನನಗೆ ತಡೆಯಲಾಗಲಿಲ್ಲ. ಅಂದೇ ಆಣೆ ಮಾಡಿಸಿದೆ: ನಾವು ಗೆಳೆಯರೆಂದು ಇನ್ನು ಮನೆಯವರಿಗೂ ತಿಳಿಯಬಾರದು. ಅವನು ಬೇಡವೆಂದ. ನಾನೇ ಹಟ ಹಿಡಿದೆ. ಆಮೇಲೆ ಎಲ್ಲರ ಕೈಗೂ ಕ್ಯಾಮೆರಾ ಇರುವ ಫೋನು ಬಂತು, ಕಟ್ಟಳೆ ಇನ್ನೂ ಬಿಗಿಯಾಯಿತು.

ಹೀಗಾಗಿ ಅವನ ಮಗಳ ಲಗ್ನಕ್ಕೆ ನಾನು ಹೋಗಲಿಲ್ಲ. ನಮ್ಮವ್ವ ಸತ್ತಾಗ ಅವನು ಬರಲಿಲ್ಲ. ಬಾಗೇವಾಡಿಯ ರೈಲು ನಿಲ್ದಾಣದಲ್ಲಿ ತಿಂಗಳಿಗೊಮ್ಮೆ, ಗುರುತಿನವರಿಲ್ಲದ ಮಧ್ಯಾಹ್ನ, ನಡುವೆ ಅವನ ಚೀಲವಿಟ್ಟುಕೊಂಡು ಒಂದೇ ಬೆಂಚಿನ ಎರಡು ತುದಿಗೆ ಕೂರುತ್ತಿದ್ದೆವು. ಹಳಿಯ ಕಡೆ ಮುಖ ಮಾಡಿಯೇ ಮಾತಾಡುತ್ತಿದ್ದೆವು. ಅವ್ವ ಹೋದ ತಿಂಗಳು ಅವನು, 'ನಿಮ್ಮವ್ವನ ಮುಖಾನೂ ನೋಡ್ಲಿಲ್ಲಲ್ಲೋ ನಾನು' ಅಂದ. ನಾನು ಮುಂದಿನ ಆಟದ ಮಾತು ತೆಗೆದೆ. ಅವನು ಹೊರಟ ಮೇಲೆ ಅಲ್ಲೇ ಕೂತು ಅತ್ತೆ. ಲಗ್ನವಿಲ್ಲ, ಮಕ್ಕಳಿಲ್ಲ, ಇಂಡಿಯಲ್ಲಿ ನಿಂಬೆಹಣ್ಣಿನ ವಖಾರದ ಮೇಲಿನ ಒಂದು ಖೋಲಿ ನನ್ನದು. ಅಲ್ಲಿಗೆ ಹೋಗಿ ಅಳುವುದಕ್ಕಿಂತ ನಿಲ್ದಾಣವೇ ವಾಸಿ ಅನ್ನಿಸಿತ್ತು.

ಈ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಫೋನಿನಲ್ಲಿ ಅವನ ಫೋಟೋ ಬಂತು, ಮೇಲೆ ಹೂವಿನ ಹಾರ. ಎದೆ ನೋವೆಂದು ಮಲಗಿದವನು ಎದ್ದಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ಮಣ್ಣು ಎಂದು ಬರೆದಿದ್ದರು. ಎರಡು ಬಸ್ಸು ಬದಲಿಸಿ ಮುದ್ದೇಬಿಹಾಳ ಮುಟ್ಟಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅವನ ಕಾಲ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು, ಗೆಳೆಯನಾಗಿ ಒಂದು ಹಿಡಿ ಮಣ್ಣು ಹಾಕಬೇಕು. ಕಟ್ಟಳೆ ಗಿಟ್ಟಳೆ ಎಲ್ಲ ಹಾಳಾಗಿ ಹೋಗಲಿ.

ಮನೆಯ ಮುಂದೆಯೇ ಅವನ ತಮ್ಮ ನನ್ನನ್ನು ತಡೆದ. ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳಿದ.

'ಖರೇನ ಸತ್ತಾನಿಲ್ಲೋ ಅಂತ ನೋಡಾಕ ಬಂದೀಯೇನು?'

'ನಾ ಅವನ ಗೆಳ್ಯಾ ಅದೇನಿ,' ಅಂದೆ. ಬಾಯಿಂದ ಆ ಮಾತು ಮೊದಲ ಸಲ ಗಟ್ಟಿಯಾಗಿ ಹೊರಬಂದದ್ದು. ಸುತ್ತಲಿದ್ದವರಲ್ಲಿ ಯಾರೋ ನಕ್ಕರು.

ಗದ್ದಲ ಕೇಳಿ ನನ್ನ ಗೆಳೆಯನ ಹೆಂಡತಿ ಹೊಸ್ತಿಲಿಗೆ ಬಂದರು. ಅತ್ತು ಅತ್ತು ದನಿ ಬಿದ್ದಿತ್ತು.

'ಗೆಳ್ಯಾ ಅಂತೀರಿ. ಇಷ್ಟು ವರ್ಷದಾಗ ಒಂದ್ ದಿನಾರ ನಮ್ಮ ಮನಿ ಹೊಸ್ತಿಲ ತುಳದೀರೇನ್ರಿ? ಒಂದ್ ತುತ್ತರ ಉಂಡೀರೇನು? ಮಗಳ ಲಗ್ನದಾಗ ಎಲ್ಲಿದ್ರಿ?'

ಆ ತಾಯಿಯ ಕೈಯ ಶೇಂಗಾ ಹೋಳಿಗೆಯನ್ನು ನಾನು ವರ್ಷಗಟ್ಟಲೆ ತಿಂದಿದ್ದೇನೆ. ಮನೆಯವರಿಗೆ ತಿಳಿಯದಂತೆ ಅವನೇ ನನ್ನ ಪಾಲನ್ನು ಚೀಲದಲ್ಲಿ ಬೇರೆ ಕಟ್ಟಿ ತರುತ್ತಿದ್ದ. ಆದರೆ ಅದಕ್ಕೆ ಸಾಕ್ಷಿ ಯಾರು? ಇಬ್ಬರೂ ಕೂಡಿದ ಒಂದು ಫೋಟೋ ಇಲ್ಲ. ಫೋನ್ ಮಾಡಿದ ಗುರುತನ್ನೂ ಆಗಾಗಲೇ ಅಳಿಸಿಬಿಡುತ್ತಿದ್ದೆವು. ಎಲ್ಲ ಬಿಡಿಸಿ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಗ ಒಳಗೆ ಕಣ್ಣು ಹೋಯಿತು. ಪಡಸಾಲೆಯಲ್ಲಿ ಅವನನ್ನು ಕುರ್ಚಿಯ ಮೇಲೆ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ರುಮಾಲು ಸುತ್ತಿದ್ದರು. ಕಾಲ ಬಳಿ ಒಂದು ಬೆಳ್ಳಿಯ ಗದೆ. ಹೋದ ವರ್ಷ ಬಾಗೇವಾಡಿಯಲ್ಲಿ ನನ್ನನ್ನು ಸೋಲಿಸಿ ಗೆದ್ದದ್ದು. 'ಮಗಳು ನೋಡಾಕ ಬರ್ತಾಳೋ, ಈ ಸಲ ನಾ ಗೆಲ್ಲತೇನಿ' ಎಂದು ಅವನೇ ಕೇಳಿಕೊಂಡಿದ್ದ. ಮಗಳು ಆ ಗದೆಯ ಮೇಲೆ ಕೈಯಿಟ್ಟು ಕೂತಿದ್ದಳು.

ನಾನು ಗೆಳೆಯನೆಂದು ನಂಬಿಸಬೇಕಾದರೆ, ಆ ಗದೆಯನ್ನು ಅವನು ಮೊದಲೇ ಮಾತಾಡಿಕೊಂಡು ಗೆದ್ದದ್ದೆಂದು ಅವಳ ಮುಂದೆ ಹೇಳಬೇಕಿತ್ತು. ಬಾಯಿ ಮುಚ್ಚಿಕೊಂಡೆ. ಮಾಡಿದ್ದುಣ್ಣೋ ಮಹಾರಾಯ.

ಓಣಿಯ ಹಿರಿಯರೊಬ್ಬರು ಕೋಲೂರಿಕೊಂಡು ಮುಂದೆ ಬಂದರು. 'ಬಿಡ್ರಲೇ ಅವನ್ನ. ಹಗಿ ಇದ್ದದ್ದು ಜೀವ ಇರೂತನಕ. ಹಗಿಯವ ಆದ್ರೂ ಬಂದಾನ, ಮಣ್ಣ ಹಾಕಿ ಹೋಗ್ಲಿ,' ಅಂದರು. ಅವನ ತಮ್ಮ ಕೈ ತೆಗೆದ.

ಊರಾಚೆಯ ಅವರ ಹೊಲದಲ್ಲಿ ಗುಂಡಿ ತೋಡಿದ್ದರು. ಮನೆಯವರು, ಬೀಗರು, ಗೆಳೆಯರು, ಓಣಿಯವರು ಸಾಲಾಗಿ ಮಣ್ಣು ಹಾಕಿದರು. ಎಲ್ಲರದೂ ಆದ ಮೇಲೆ ಹಿರಿಯರು ನನ್ನತ್ತ ಕೈಮಾಡಿದರು. ಕಪ್ಪು ಮಣ್ಣು ಬಿಸಿಲಿಗೆ ಸುಡುತ್ತಿತ್ತು. ಹಗೆಯವನೊಬ್ಬ ಎಷ್ಟು ಅತ್ತರೆ ಜನ ತಪ್ಪು ತಿಳಿಯುವುದಿಲ್ಲವೋ ಅಷ್ಟೇ ಅತ್ತೆ. ಹಿಂದೆ ಯಾರೋ, 'ಎಷ್ಟ್ ದೊಡ್ಡ ಮನಸ್ಸು ನೋಡ್ರಿ, ಹಗಿ ಮರ್ತು ಬಂದಾನ' ಅಂದರು. ತಿರುಗಿ ಹಾಗಂದವನ ಬಾಯಿಗೆ ಗುದ್ದಬೇಕೆನ್ನಿಸಿತು.

ಬೇವಿನ ಗಿಡದ ಕೆಳಗೆ ಹೆಂಗಸರು ಕೂತಿದ್ದರು. ನಾನು ದಾಟಿ ಹೋಗುವಾಗ ಅವನ ಹೆಂಡತಿ ಎದ್ದು ಬಂದು ಸೆರಗು ಮುಂದೆ ಮಾಡಿ ಕೈ ಮುಗಿದರು. ನನಗಿಂತ ಹತ್ತು ವರ್ಷ ಚಿಕ್ಕವರು.

'ನಿಮಗ ಹಂಗ ಅನಬಾರದಿತ್ರಿ ನಾನು. ಅವರೂ ಬಾಯಿ ಬಿರುಸು, ನಿಮ್ಮ ಹೆಸರ ತಗದ್ರ ಮನ್ಯಾಗ ಉರದ ಬೀಳ್ತಿದ್ರು. ಹೋದ ಜೀವ, ಹೊಟ್ಟ್ಯಾಗ ಹಾಕ್ಕೋರಿ.'

ಮನೆಯೊಳಗೂ ಅವನು ನನ್ನ ಆಣೆಯನ್ನು ಅಷ್ಟು ಚೊಕ್ಕವಾಗಿ ನಡೆಸಿದ್ದ. ಹೆಂಡತಿಯ ಮುಂದೆ ಸಹ ಒಂದು ದಿನವೂ ನನ್ನನ್ನು ಒಳ್ಳೆಯವನೆಂದಿರಲಿಲ್ಲ.

'ಹಾಕ್ಕೊಂಡೇನ್ರಿ ತಂಗಿ,' ಅಂದೆ.