ಊರಿಗೆ ಹೋಗಿದ್ದಾರೆ

ದೀಪಾವಳಿಯ ಮಾರನೆಯ ಬೆಳಿಗ್ಗೆ ಬೀದಿಯಲ್ಲಿ ಉಳಿಯುವ ಸುಟ್ಟ ಮದ್ದಿನ ವಾಸನೆ ನಿಮಗೆ ಹಬ್ಬವನ್ನು ನೆನಪಿಸೀತು. ನನಗೆ ಅಪ್ಪನ ಅಂಗಿಯನ್ನು ನೆನಪಿಸುತ್ತದೆ. ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ, ಒಗೆಯುವ ಕಲ್ಲಿನ ಮೇಲೆ ಅಮ್ಮ ಆ ಅಂಗಿಗಳನ್ನು ಕುಕ್ಕಿ ಕುಕ್ಕಿ ಒಗೆಯುತ್ತಿದ್ದಳು. ಕಾಲುಚೀಲ ಕೊಡವಿದರೆ ಹಳದಿ ಮರಳು ಉದುರುತ್ತಿತ್ತು. ಅಪ್ಪ ಸೈನ್ಯಕ್ಕೆ ಏನನ್ನೋ ಮಾಡಿಕೊಡುವ ಸರ್ಕಾರಿ ಕಚೇರಿಯಲ್ಲಿ ಎಂಜಿನಿಯರ್. ಏನು ಮಾಡುತ್ತಾರೆ, ಎಲ್ಲಿಗೆ ಹೋಗುತ್ತಾರೆ, ಯಾವುದನ್ನೂ ಹೇಳುವಂತಿರಲಿಲ್ಲ. ಯಾರಾದರೂ ಕೇಳಿದರೆ ಹೇಳಬೇಕಾದ ಮಾತನ್ನು ಅವರೇ ಕಲಿಸಿದ್ದರು: "ಊರಿಗೆ ಹೋಗಿದ್ದಾರೆ ಅನ್ನಿ, ಸಾಕು."

ಅಯ್ಯೋ, ಯಾವ ಊರು? ಅಜ್ಜಿ ತಾತ ತೀರಿಕೊಂಡು, ತುಮಕೂರಿನ ಕಡೆ ಇದ್ದ ಮನೆಯೂ ಬಿದ್ದುಹೋಗಿತ್ತು. ಮತ್ತೆ ಮತ್ತೆ ಊರಿಗೆ ಹೋಗಿ ತಿಂಗಳುಗಟ್ಟಲೆ ಬಾರದ ಗಂಡಸಿನ ಬಗ್ಗೆ ಬೀದಿಯವರು ಸುಮ್ಮನಿರುತ್ತಾರೆಯೇ? ಮನೆ ಒಡತಿ ಗೌರಮ್ಮನವರು ಬಚ್ಚಲ ಒಲೆಗೆ ತೆಂಗಿನ ಗರಿ ತುರುಕುತ್ತಾ ಒಮ್ಮೆ ಕೇಳಿಯೇಬಿಟ್ಟರು: "ಅಲ್ಲ ಕಣಮ್ಮ, ನಿಮ್ಮೆಜಮಾನ್ರಿಗೆ ಊರಲ್ಲಿ ಇನ್ನೊಂದ್ ಸಂಸಾರ ಗಿಂಸಾರ ಐತಾ?" ಅಮ್ಮ ನಕ್ಕಳು. ಒಳಗೆ ಬಂದು ಕೈಯಲ್ಲಿದ್ದ ಮೊರವನ್ನು ಗೋಡೆಗೆ ಬೀಸಿದಳು.

ಅಲ್ಲಿಂದ ಅವಳ ತಲೆಗೂ ಆ ಹುಳ ಹೊಕ್ಕಿತು. ಅಪ್ಪ ಬಂದಾಗಲೆಲ್ಲ ಅಂಗಿಯನ್ನು ಮೂಸಿ ನೋಡಿಯೇ ನೆನೆಹಾಕುತ್ತಿದ್ದಳು. "ಯಾವ ಊರು ಅಂತ ನಂಗೊಬ್ಳಿಗಾದ್ರೂ ಹೇಳ್ಬಾರ್ದಾ?" ಎಂದರೆ, ಅಪ್ಪ ತಟ್ಟೆ ನೋಡುತ್ತಾ "ಹೇಳೋ ಹಾಗಿಲ್ಲ ಕಣೇ" ಅನ್ನುತ್ತಿದ್ದರು. ಎಂಥ ಸುಡುಗಾಡು ಗುಟ್ಟು! ನನಗೂ ಅವರ ಮೇಲೆ ಸಿಟ್ಟಿತ್ತು. ಬರಬರುತ್ತಾ ಅವರ ಕಿವಿ ಮಂದವಾಯಿತು, ಅಮ್ಮನೂ ಕೇಳುವುದನ್ನು ಬಿಟ್ಟಳು. ಒಂದು ದಿನ ಅಪ್ಪ ಏನೂ ಹೇಳದೆಯೇ ತೀರಿಕೊಂಡುಬಿಟ್ಟರು.

ಆ ಮನೆಯೂ ಈಗಿಲ್ಲ. ಒಗೆಯುವ ಕಲ್ಲಿದ್ದ ಕಡೆ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಅಮ್ಮ ವಸಂತಪುರದಲ್ಲಿ ನನ್ನ ಜೊತೆ ಇದ್ದಾಳೆ. ಮೊನ್ನೆ ಟೀವಿಯಲ್ಲಿ ಒಬ್ಬ ಹುಡುಗ ಗಂಟಲು ಹರಿಯುವಂತೆ ಕೂಗುತ್ತಿದ್ದ: ಇದು ನಮ್ಮದೇ ಫಿರಂಗಿ, ಇಷ್ಟು ತೂಕ, ಇಷ್ಟು ದೂರ ಹೊಡೆಯುತ್ತದೆ, ಇಂಥ ಮರಳುಗಾಡಿನಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದು. ಹಳೆಯ ಚಿತ್ರಗಳನ್ನೂ ತೋರಿಸಿದರು. ಹಳದಿ ಮರಳಿನಲ್ಲಿ, ಫಿರಂಗಿಯ ಹಿಂದೆ, ಕಿವಿಗೆ ಹತ್ತಿ ತುರುಕಿಕೊಂಡು ನಿಂತಿದ್ದರು ಅಪ್ಪ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

ಥೂ! ಇವತ್ತು ಲೋಕಕ್ಕೆಲ್ಲ ಡಂಗುರ ಹೊಡೆಯುವ ಸಂಗತಿಯನ್ನು ಕಟ್ಟಿಕೊಂಡ ಹೆಂಡತಿಗೆ ಹೇಳಬೇಡ ಎಂದು ಆ ಮನುಷ್ಯನ ಬಾಯಿ ಹೊಲಿದಿದ್ದರಲ್ಲ, ಅವರು ಯಾರೇ ಇರಲಿ, ನನ್ನ ಶಾಪ ತಟ್ಟಲಿ.

ಅಮ್ಮ ಎದ್ದು ಹೋಗಿ ಟೀವಿಯ ಮೇಲೆ, ಅಪ್ಪನ ಕಾಲ ಬಳಿ ಬೆರಳಿಟ್ಟಳು.

"ಇದೇ ಮರಳು ಕಣೇ ನಾನು ಕೊಡವ್ತಿದ್ದಿದ್ದು. ಇದಾ ಊರು? ನಂಗೊಂದ್ ಮಾತು ಹೇಳಿದ್ರೆ ಯಾವ ಶತ್ರು ಬಂದು ಕೇಳಿಸ್ಕೋತಿದ್ದ? ಅವ್ರು ಇರೋವರ್ಗೂ ಅವ್ರ ಅಂಗಿ ಮೂಸ್ತಾನೇ ಇದ್ನಲ್ಲೇ!"

ಅವಳು ಬೆರಳು ತೆಗೆಯುವ ಮೊದಲೇ ಬಟ್ಟೆ ಸೋಪಿನ ಜಾಹೀರಾತು ಬಂತು.