ವೈನಿ ಹೇಳಿದ್ದು, ನಾನು ಬರೆಸಿದ್ದು

ವೈನಿ, ಅಂದು ನೀವು ಹೇಳಿದ ಮಾತನ್ನು ನಾನು ತಿರುಚಿದೆ. ನಿಮಗೆ ಮೋಸ ಮಾಡಿದವರು ಆ ಡಾಕ್ಟರಬಾಯಿ ಅಲ್ಲ, ನಿಮ್ಮ ಮೈದುನ — ನಾನು.

ಎಂಬತ್ತನೆಯ ಇಸವಿಯ ಸುಮಾರಿಗೆ ನಾನು ಗಡಹಿಂಗ್ಲಜದ ಕಡೆ ಒಂದು ಸರಕಾರಿ ದವಾಖಾನೆಯಲ್ಲಿ ಜವಾನನಾಗಿದ್ದೆ, ನಿಮಗೆ ಗೊತ್ತು. ಕೊಲ್ಹಾಪುರದಿಂದ ಬಂದ ಆ ಬಾಯಿಗೆ ಕನ್ನಡ ಬಾರದು. ನಮ್ಮ ಕುರಿಗಾರರ ಹಟ್ಟಿಗಳಿಗೆ ನಾನೇ ದುಭಾಷಿ. ಯಾರೂ ಲಕ್ಷ್ಯ ಕೊಡದ ಬೇನೆಗಳಲ್ಲಿ ಯಾವುದನ್ನು ಮೊದಲು ಅಭ್ಯಾಸ ಮಾಡಬೇಕೆಂದು ಗೊತ್ತುಮಾಡಲು ಬಂದಿದ್ದೇನೆ ಎನ್ನುತ್ತಿದ್ದರು. ಇದ್ದದ್ದು ಒಂದೇ ಜೀಪು, ಒಂದೇ ವರ್ಷ — ಹಾಗಾಗಿ ಒಂದೇ ಬೇನೆ.

ನನಗೆ ಮೊದಲ ದಿನದಿಂದಲೇ ಸಂಶಯ. ಓದಿದ ಹೆಂಗಸು ಕುರಿಹಿಕ್ಕೆ ತುಳಿದುಕೊಂಡು ನಮ್ಮ ನಾಯಿಗಳ ಬಗ್ಗೆ ಏಕೆ ವಿಚಾರಿಸಬೇಕು? ಕುರಿಯೊಳಗಿನ ನೀರಿನ ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಆಗುತ್ತದೆ, ಅದರ ತತ್ತಿ ಕೈಗೆ ಹತ್ತಿ ಮನುಷ್ಯರ ಹೊಟ್ಟೆಗೆ ಹೋಗಿ ನೀರಿನ ಗಂಟಾಗಿ ಬೆಳೆಯುತ್ತದೆ, ನಾಯಿಗೆ ಗುಳಿಗೆ ಕೊಟ್ಟರೆ ಸಾಕು ಎಂದರು. ಗುಳಿಗೆ! ಪೇಟೆಯಲ್ಲಿ ಬೀದಿನಾಯಿಗಳಿಗೆ ವಿಷದ ಉಂಡೆ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೆ. ನಾಯಿ ಸತ್ತರೆ ತೋಳದ ಬಾಯಿಂದ ಕುರಿ ಕಾಯುವವರು ಯಾರು — ಎಂದು ನನ್ನಷ್ಟಕ್ಕೆ ಲೆಕ್ಕ ಹಾಕಿದೆ. ಯಾರನ್ನೂ ಕೇಳಲಿಲ್ಲ.

ನಾವು ನಿಮ್ಮ ಹಟ್ಟಿಗೆ ಬಂದಾಗ ಗಂಡಸರು ಕುರಿ ಹಿಂದೆ ಹೋದ ಹೊತ್ತು. ಕುರಿ ಕೊಯ್ದಾಗ ಒಳಗೆ ನೀರಿನ ಗುಳ್ಳೆ ಕಂಡರೆ ಆ ಭಾಗವನ್ನು ಏನು ಮಾಡುತ್ತೀರಿ ಎಂದು ಬಾಯಿ ನನ್ನಿಂದ ನಿಮ್ಮನ್ನು ಕೇಳಿಸಿದರು. ನೀವು ಒಂದಿಷ್ಟೂ ಮುಚ್ಚಿಡಲಿಲ್ಲ.

"ನಾವು ತಿನ್ನೂದಿಲ್ರಿ ಬಾಯಿ, ನಾಯಿಗೆ ಒಗೀತೇವಿ."

ನಾನು ಮರಾಠಿಯಲ್ಲಿ ಹೇಳಿದೆ — ತಗ್ಗು ತೋಡಿ ಹೂಳುತ್ತಾರಂತೆ. ಬಾಯಿ ಪೆನ್ನು ತಡೆದು, ಖಾತ್ರಿಯೇ ಎಂಬಂತೆ ನನ್ನ ಮುಖ ನೋಡಿದರು.

"ನಕ್ಕೀ?"

"ನಕ್ಕೀ, ಬಾಯಿ."

ಎಲ್ಲ ಹಟ್ಟಿಗಳಲ್ಲೂ ಇದೇ ಉತ್ತರ ಬರೆಸಿದೆ. ಇಲ್ಲಿ ಈ ಬೇನೆಗೆ ದಾರಿಯೇ ಇಲ್ಲ ಎಂದುಕೊಂಡ ಅವರು ಹಾವುಕಡಿತ ಆರಿಸಿಕೊಂಡು ಚಂದಗಡದ ಭತ್ತದ ಗದ್ದೆಗಳ ಕಡೆ ಹೋದರು. ಜೀಪು ಹೊರಟಾಗ ನಾನು ಗೆದ್ದೆನೆಂದು ಬೀಗಿದೆ, ವೈನಿ. ಆ ಬೀಗಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ.

ಆರೇಳು ವರ್ಷದ ಮೇಲೆ ಅಣ್ಣನ ಬಲಪಕ್ಕೆ ಉಬ್ಬಿತು. ಕೊಲ್ಹಾಪುರದಲ್ಲಿ ಹೊಟ್ಟೆ ಕೊಯ್ದು ನೀರಿನ ಚೀಲ ತೆಗೆದರು. ಮನೆಯಲ್ಲಿ ನಾಯಿ ಇವೆಯೇ ಎಂದು ಸರ್ಜನ್ ಕೇಳಿದಾಗ ನೀವು ಹೌದೆಂದಿರಿ, ನನಗೆ ಬಾಯಿ ಹೇಳಿದ ಗುಳಿಗೆ ನೆನಪಾಯಿತು. ಐದನೆಯ ದಿನ ಅಣ್ಣ ಹೋದ. ದವಾಖಾನೆಯ ಮೆಟ್ಟಿಲ ಮೇಲೆ ಕೂತು ನೀವು ಅಂದಿರಿ:

"ಆ ಬಾಯಿ ಖೊಟ್ಟಿ ಇದ್ಲು ತಮ್ಮಾ. ನಾ ಖರೇನ ಹೇಳಿದ್ದೆ. ನಮ್ಮಂಥವರ ಮಾತು ಆಕಿ ಬರಕೊಂಡಿರಾಕಿಲ್ಲ."

ನಾನು ಹೌದು ವೈನಿ ಅಂದೆ. ಇದು ನನ್ನ ಎರಡನೆಯ ತಪ್ಪು — ಮೊದಲನೆಯದಕ್ಕಿಂತ ದೊಡ್ಡದು.

ಆ ಗಂಟು ಅಣ್ಣನೊಳಗೆ ಮೊದಲೇ ಇತ್ತೋ, ಆಮೇಲೆ ಬಂತೋ... ಅದನ್ನೇ ಹಿಡಿದುಕೊಂಡು ಜಾರಿಕೊಳ್ಳಲು ಎಷ್ಟೋ ವರ್ಷ ನೋಡಿದೆ. ಇನ್ನು ಸಾಕು. ಬಾಯಿ ಬರೆದುಕೊಂಡಿದ್ದರು, ವೈನಿ. ನಿಮ್ಮದಲ್ಲ, ನನ್ನ ಮಾತನ್ನು.

ನಿಮಗೆ ಓದಲು ಬಾರದು. ಇದನ್ನು ನಿಮ್ಮ ಮೊಮ್ಮಗಳು ಓದಿ ಹೇಳುತ್ತಾಳೆ. ಅಜ್ಜಿಗೆ ನೋವಾಗುತ್ತದೆಂದು ಒಂದು ಮಾತನ್ನೂ ಬದಲಿಸಬೇಡ ಎಂದು ಅವಳಿಗೆ ಹೇಳಿದ್ದೇನೆ.