ಅಕ್ಕನ ಬಂಜಿ ಬೇನೆ

ಆ ದಿನ ಡಾಕ್ಟರರ ಕೋಣೆಯೊಳಗೆ ನಾನು ಇದ್ದೆನೋ ಇಲ್ಲವೋ ಎಂಬುದೇ ಈಗ ಖಚಿತವಿಲ್ಲ. ನನ್ನ ನೆನಪಿನಲ್ಲಿ ನಾನು ಅಮ್ಮನ ಕುರ್ಚಿಯ ಹಿಂದೆ ನಿಂತಿದ್ದೇನೆ. ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟ್ ಕೂಡ ಕಾಣುತ್ತದೆ. ಅಕ್ಕ ಒಪ್ಪುವುದಿಲ್ಲ. "ನೀನು ಒಳಗೆ ಎಲ್ಲಿದ್ದೆ ಮಾರಾಯ? ಹೆಂಗಸರ ವಿಷಯ ಅಂತ ನಿನ್ನನ್ನು ಜಗಲಿಯಲ್ಲೇ ನಿಲ್ಲಿಸಿದ್ದರು" ಎನ್ನುತ್ತಾಳೆ. ಅವಳು ಹೇಳುವುದು ನಿಜವಾದರೆ, ಅಕ್ಷರ ಅಕ್ಷರ ನೆನಪಿದೆ ಎಂದು ನಾನು ನಂಬಿಕೊಂಡಿರುವ ಆ ಮಾತುಕತೆ ಅಮ್ಮ ದಾರಿಯುದ್ದಕ್ಕೂ ಗೊಣಗಿಕೊಂಡು ಬಂದದ್ದಿರಬೇಕು. ಪೇಪರ್‌ವೇಟ್ ಎಲ್ಲಿಂದ ಬಂತೋ ಗೊತ್ತಿಲ್ಲ. ಮದರಾಸಿನಲ್ಲಿ ತತ್ವಶಾಸ್ತ್ರ ಓದುವಾಗ ಬೇರೆಯವರ ಸಾಕ್ಷ್ಯವನ್ನು ಹೇಗೆ ಸಂಶಯಿಸಬೇಕೆಂದು ಕಲಿಸಿದ್ದರು. ಅದು ಇಂಥ ಕಡೆ ಏನೂ ಉಪಯೋಗಕ್ಕೆ ಬರುವುದಿಲ್ಲ.

ಅಕ್ಕನ ನೋವಿನ ಬಗ್ಗೆ ಮಾತ್ರ ಸಂಶಯವಿಲ್ಲ. ದೊಡ್ಡವಳಾದಾಗಿನಿಂದ ಪ್ರತಿ ತಿಂಗಳೂ ಹಿಂದಿನ ಕೋಣೆಯಲ್ಲಿ ಮೊಣಕಾಲನ್ನು ಎದೆಗೆ ಒತ್ತಿಕೊಂಡು ಚಾಪೆಯ ಮೇಲೆ ಬಿದ್ದಿರುತ್ತಿದ್ದಳು. ವಾಂತಿ ಮಾಡುತ್ತಿದ್ದಳು. ಅಮ್ಮ ತವುಡನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳು, ಜೀರಿಗೆ ಕಷಾಯ ಕುಡಿಸುತ್ತಿದ್ದಳು. ಬಂದು ಹೋಗುವ ಹೆಂಗಸರು "ಒಂದು ಮದುವೆಯಾದರೆ ಸರಿಯಾಗ್ತದೆ" ಎನ್ನುತ್ತಿದ್ದರು. ಮದುವೆಯಾಯಿತು. ಬೋಳಾರದಲ್ಲಿ ಹೆಂಚಿನ ಕಾರ್ಖಾನೆಯೊಂದರ ಗುಮಾಸ್ತ ನಮ್ಮ ಭಾವ. ಅಲ್ಲಿಯೂ ಚಾಪೆ, ಅಲ್ಲಿಯೂ ತವುಡಿನ ಗಂಟು. ಅದೇ ಹೆಂಗಸರು ಈಗ "ಒಂದು ಮಗುವಾದರೆ ಸರಿಯಾಗ್ತದೆ" ಎಂದರು. ಮಗುವಾದ ಮೇಲೂ ನೋವು ಉಳಿದಿದ್ದರೆ ಏನು ಹೇಳುತ್ತಿದ್ದರೋ! ಪ್ರಶ್ನೆಯನ್ನು ಮುಂದಿನ ಸ್ಟೇಷನ್ನಿಗೆ ದಾಟಿಸಿಬಿಡುವ ಈ ಉತ್ತರಗಳು ಆಗಲೂ ನನ್ನ ತಲೆ ಕೆಡಿಸುತ್ತಿದ್ದವು, ಈಗಲೂ ಕೆಡಿಸುತ್ತವೆ.

ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅದಕ್ಕೆ ಮೊದಲು ಅಮ್ಮ ಅಕ್ಕನನ್ನು ತೋರಿಸಿದ್ದ ಡಾಕ್ಟರು ತಮಿಳರು. ಅವರಿಗೆ ನಮ್ಮ ಮಾತು ಬರುತ್ತಿರಲಿಲ್ಲ, ಅಮ್ಮನಿಗೆ ಅವರ ಮಾತು ಬರುತ್ತಿರಲಿಲ್ಲ. ಕೈ ತೋರಿಸಿಯೇ ಎಲ್ಲ ಆಗಬೇಕು. ಅವರು ಹುಳದ ಮದ್ದು ಕೊಟ್ಟು ಕಳಿಸಿದ್ದರು. ಈಗ ಘಟ್ಟದ ಮೇಲಿನಿಂದ ಕನ್ನಡದ ಡಾಕ್ಟರೇ ಬಂದಿದ್ದಾರೆ ಎಂದು ಕೇಳಿ ಅಮ್ಮನಿಗೆ ಹೋದ ಜೀವ ಬಂದಂತಾಯಿತು. "ಇನ್ನು ನಾವು ಹೇಳಿದ್ದು ಅವರಿಗೆ ಅರ್ಥ ಆಗ್ತದೆ" ಎಂದಳು.

ನಮ್ಮದು ತುಳು ಮನೆಮಾತು. ಅಮ್ಮನ ಕನ್ನಡ ಪೇಟೆಯ ಕನ್ನಡ, ನಡುನಡುವೆ ತುಳು ತಾನಾಗಿ ಬಂದು ಕೂರುತ್ತಿತ್ತು. ತುಳುವಿನಲ್ಲಿ ಹೊಟ್ಟೆಗೆ ಬಂಜಿ ಎನ್ನುತ್ತೇವೆ. ಹೊಟ್ಟೆನೋವು ಬಂಜಿ ಬೇನೆ. ಅಮ್ಮ ಮರ್ಯಾದೆಯಿಂದ ಸೆರಗು ಸರಿಪಡಿಸಿಕೊಂಡು ಹೇಳಿದಳು:

"ಇವಳಿಗೆ ಬಂಜಿ ಬೇನೆ, ಡಾಕ್ಟ್ರೇ. ದೊಡ್ಡವಳಾದಾಗಿನಿಂದಲೇ ಉಂಟು."

ಡಾಕ್ಟರು ಅಕ್ಕನನ್ನು ಅನುಕಂಪದಿಂದ ನೋಡಿದರು. ಅವರಿಗೆ ಕೇಳಿಸಿದ್ದು ಬಂಜೆ.

"ದೊಡ್ಡವಳಾದಾಗ್ಲೇ ಬಂಜೆ ಅಂತ ಹೇಗಮ್ಮ ಗೊತ್ತಾಯ್ತು? ಯಾರು ಹೇಳಿದ್ದು ನಿಮಗೆ ಇದನ್ನೆಲ್ಲ?"

"ಯಾರು ಹೇಳುವುದು ಎಂತದು? ಅವಳೇ ಹೇಳ್ತಾಳೆ. ಬೊಬ್ಬೆ ಹಾಕ್ತಾಳೆ."

"ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಎರಡು."

"ಮಕ್ಕಳು?"

"ಇಲ್ಲ."

ಅಲ್ಲಿಗೆ ಅವರ ಊಹೆಗೆ ಪುರಾವೆ ಸಿಕ್ಕಂತಾಯಿತು. ತಪ್ಪು ಕಿವಿಯಲ್ಲಿ ಹುಟ್ಟಿ ನಿಜವಾದ ಉತ್ತರದಿಂದ ಗಟ್ಟಿಯಾದ ಇಂಥ ಇನ್ನೊಂದು ತಪ್ಪನ್ನು ನಾನು ಕಂಡಿಲ್ಲ. ಅಮ್ಮ ಇನ್ನೊಮ್ಮೆ ಪ್ರಯತ್ನಿಸಿದಳು: "ತಿಂಗಳು ತಿಂಗಳೂ ಬರ್ತದೆ ಡಾಕ್ಟ್ರೇ, ಒಂದು ತಿಂಗಳೂ ಬಿಡುವುದಿಲ್ಲ."

"ತಿಂಗಳು ತಿಂಗಳೂ ಸರಿಯಾಗಿ ಬರುತ್ತಲ್ಲ? ಒಳ್ಳೇದೇ ಆಯ್ತಲ್ಲಮ್ಮ! ಚಿಕ್ಕ ವಯಸ್ಸು, ಖಂಡಿತ ಮಕ್ಕಳಾಗುತ್ತೆ. ಟಾನಿಕ್ ಬರೀತೀನಿ."

ಅಮ್ಮ ಹೇಳಿದ್ದು ನೋವು ಬರುವುದನ್ನು, ಅವರು ತಿಳಿದದ್ದು ಮುಟ್ಟು ಬರುವುದನ್ನು. ನನ್ನ ನೆನಪಿನಲ್ಲಿ ನಾನು "ಬಂಜಿ ಅಂದರೆ ಹೊಟ್ಟೆ, ಸರ್" ಎಂದು ಹೇಳುತ್ತೇನೆ, ಅವರು ನಗುತ್ತಾ "ಆ ಹೊಟ್ಟೆಯ ವಿಷಯವೇ ಅಲ್ಲವೇನಯ್ಯ ಇದು?" ಎನ್ನುತ್ತಾರೆ. ಅಕ್ಕನ ಪ್ರಕಾರ ಯಾರೂ ಏನೂ ಹೇಳಲಿಲ್ಲ. ಅವರು ಅವಳ ಹೊಟ್ಟೆಯನ್ನು ಮುಟ್ಟಲೂ ಇಲ್ಲ.

ಬೋಳಾರಕ್ಕೆ ಮುಟ್ಟಿದ ಕೂಡಲೇ ಅಕ್ಕನ ಅತ್ತೆ ಕೇಳಿದರು, "ಡಾಕ್ಟ್ರು ಎಂತ ಹೇಳಿದ್ರು?"

ಅಮ್ಮನಿಗೆ ಮುಚ್ಚಿಡಲು ಬರುವುದಿಲ್ಲ. "ಮಕ್ಕಳಾಗ್ತದಂತೆ. ಟಾನಿಕ್ ಕೊಟ್ಟಿದ್ದಾರೆ."

"ಟಾನಿಕ್ ಕೊಟ್ಟರೆ ಆಗ್ತದೆ ಅಂದರೆ, ಇಲ್ಲದಿದ್ದರೆ ಆಗುವುದಿಲ್ಲ ಅಂತಾಯ್ತಲ್ಲ?"

ತರ್ಕದಲ್ಲಿ ದೋಷವಿತ್ತು. ಅದನ್ನು ಯಾರ ಹತ್ತಿರ ಹೇಳುವುದು? ಬೆಳಗ್ಗೆ ಮನೆ ಬಿಡುವಾಗ ಅಕ್ಕನಿಗೆ ಇದ್ದದ್ದು ಹೊಟ್ಟೆನೋವು ಒಂದೇ. ಮಧ್ಯಾಹ್ನ ತಿರುಗಿ ಬರುವಾಗ ಬಂಜೆತನವೂ ಸೇರಿಕೊಂಡಿತ್ತು, ಅದೂ ಡಾಕ್ಟರರ ಬಾಯಿಂದಲೇ. ಅಂದಿನಿಂದ ಎಲ್ಲ ಮದ್ದೂ, ಎಲ್ಲ ಹರಕೆಯೂ ಮಗುವಿಗಾಗಿ. ನೋವಿನ ಮಾತು ತೆಗೆದರೆ ಅತ್ತೆ, "ಮೊದಲು ಅದೊಂದು ಆಗಲಿ" ಎನ್ನುತ್ತಿದ್ದರು. ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಅಡುಗೆಮನೆಯ ಕಡೆಯಿಂದ ಒಂದೆರಡು ಸಲ ಕೇಳಿಸಿತೆಂದು ಅಕ್ಕ ಹೇಳಿದಳು. ಭಾವ ಒಳ್ಳೆಯವರು, ಆದರೆ ಮಾತೇ ಆಡದ ಒಳ್ಳೆಯವರು. ನನಗೆ ಅವರ ಮೇಲೂ ಸಿಟ್ಟು ಬರುತ್ತಿತ್ತು.

"ಹೊಟ್ಟೆ ತೋರಿಸಲಿಕ್ಕೆ ಹೋದೆ, ತೊಟ್ಟಿಲು ಬರೆದು ಕೊಟ್ಟರು" ಎಂದು ಅಕ್ಕ ನಗುತ್ತಿದ್ದಳು. ಆ ನಗುವನ್ನು ನೋಡಲಾಗುತ್ತಿರಲಿಲ್ಲ. ನೋವು ಈಗ ಮುಟ್ಟಿಗೆ ಒಂದು ವಾರ ಮೊದಲೇ ಶುರುವಾಗುತ್ತಿತ್ತು.

ಹೀಗೆ ಕೆಲವು ವರ್ಷ ಕಳೆದವು. ಬಲ್ಮಠದ ಕಾಲೇಜಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಒಂದು ದಿನ ಬೋಳಾರಕ್ಕೆ ಹೋದಾಗ ಅಕ್ಕ ಹಿತ್ತಲ ಕಲ್ಲಿನ ಮೇಲೆ ಬಂಗುಡೆ ಕೊಯ್ಯುತ್ತಾ ಕೂತಿದ್ದಳು. ತಲೆ ಎತ್ತದೆಯೇ ಹೇಳಿದಳು:

"ನಾನು ಒಬ್ಬಳೇ ಹೋಗಿ ಬಂದೆ. ಅಮ್ಮ ಬೇಡ, ನೀನೂ ಬೇಡ ಅಂತ."

"ಎಲ್ಲಿಗೆ?"

"ಆಸ್ಪತ್ರೆಗೆ. ಲೇಡಿ ಡಾಕ್ಟ್ರು ಇದ್ದಾರಲ್ಲ, ಕೊಂಕಣಿಯವರು. ತುಳು ಚೆಂದ ಮಾತಾಡ್ತಾರೆ. ಬಂಜಿ ಬೇನೆ ಅಂದೆ. ಮುಟ್ಟಿನ ಮೊದಲೋ, ಮುಟ್ಟಿನ ದಿವಸವೋ ಅಂತ ಕೇಳಿದರು. ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು."

"ಮತ್ತೆ?"

"ಕಕ್ಕಸಿಗೆ ಕೂತಾಗ ಚುಚ್ಚುತ್ತದಾ ಅಂತ ಕೇಳಿದರು. ಇನ್ನೂ ಒಂದು ಕೇಳಿದರು, ಅದು ನಿನಗೆ ಬೇಡ." ಮೀನಿನ ಕರುಳು ತೆಗೆದು ಕಾಗೆಗೆ ಎಸೆದಳು. "ಪರೀಕ್ಷೆ ಮಾಡಿ, ತೆರೆದು ನೋಡದೆ ಖಂಡಿತ ಹೇಳಲಿಕ್ಕಾಗುವುದಿಲ್ಲ, ಆದರೆ ಇದೇ ಇರಬೇಕು ಅಂದರು. ಎಂಡೋ... ಎಂಡೋಮೆಟ್ರಿಯೋಸಿಸ್. ದಾರಿಯಲ್ಲಿ ಹೇಳ್ತಾ ಹೇಳ್ತಾ ಬಂದೆ, ಮರೆಯದ ಹಾಗೆ. ಅದಕ್ಕೆ ಹೆಸರುಂಟು ಮಾರಾಯ!"

"ಹೆಸರಿದ್ದ ಕೂಡಲೇ ಗುಣವಾಗುತ್ತದಾ?" ಎಂದೆ.

"ನಿನಗೆ ಹೊಟ್ಟೆ ನೋಯುವುದಿಲ್ಲವಲ್ಲ, ನಿನಗೆ ಹೆಸರು ಬೇಡ."

ಶಸ್ತ್ರಚಿಕಿತ್ಸೆ ಎಂದಾಗ ಅತ್ತೆ ತಡೆದರು: ಹೊಟ್ಟೆ ಕೊಯ್ದರೆ ಮತ್ತೆ ಮಕ್ಕಳ ಆಸೆ ಬಿಟ್ಟ ಹಾಗೆ. ಆಗ ಭಾವ ಬಾಯಿ ತೆರೆದರು. "ಮಕ್ಕಳು ಬೇಕು ಅಂತ ಹೇಳಿದ್ದು ಯಾರು? ಅವಳು ಕೇಳಿದ್ದು ನೋವಿಗೆ ಮದ್ದು" ಎಂದರು. ಅಷ್ಟು ವರ್ಷದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು. ಅದನ್ನು ಕೆಲವು ವರ್ಷ ಮೊದಲೇ ಆಡಬಾರದಿತ್ತೇ ಎಂದು ನನಗೆ ಅನಿಸಿತು.

ಆಪರೇಷನ್ ಮುಗಿಸಿ ಹೊರಗೆ ಬಂದ ಲೇಡಿ ಡಾಕ್ಟರು ಬೆಂಚಿನಲ್ಲಿ ಕೂತಿದ್ದ ನಮ್ಮೊಡನೆ ತುಳುವಿನಲ್ಲೇ ಮಾತಾಡಿದರು. ಅಂಡಾಶಯದಲ್ಲಿ ಹಳೆಯ ರಕ್ತ ಕಟ್ಟಿದ ಗಂಟುಗಳಿದ್ದವು, ಒಡೆದರೆ ಬೆಲ್ಲದ ಪಾಕದ ಹಾಗೆ ಕಪ್ಪಗೆ. ಕರುಳು ಗರ್ಭಕೋಶದ ಹಿಂದೆ ಅಂಟಿಕೊಂಡಿತ್ತು. ಬಿಡಿಸಿದ್ದೇವೆ. "ಇದನ್ನು ಇಟ್ಟುಕೊಂಡು ಇಷ್ಟು ವರ್ಷ ಹೇಗೆ ನಡೆದಾಡಿದಳು?"

"ನಡೆದಾಡುವುದು ಮಾತ್ರವಾ" ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ. "ಬಾವಿಯಿಂದ ನೀರು ಎಳೆದಿದ್ದಾಳೆ."

ನೋವು ಪೂರ್ತಿ ಹೋಗಲಿಲ್ಲ. ಚಾಪೆ ಹಿಡಿಸುವ ನೋವು ಹೋಯಿತು. ಮಕ್ಕಳಾಗಲಿಲ್ಲ. ಇನ್ನೊಂದು ಹೆಣ್ಣಿನ ಮಾತು ಮತ್ತೆ ಏಳಲಿಲ್ಲ. ಅಕ್ಕ ಎದುರು ಬಂದ ಹೆಂಗಸರಿಗೆಲ್ಲ ಆ ಇಂಗ್ಲಿಷ್ ಹೆಸರನ್ನು ಒಂದಕ್ಷರ ತಪ್ಪದೆ ಹೇಳುತ್ತಿದ್ದಳು.

ಇಷ್ಟೂ ಬರೆದ ಮೇಲೆ, ಇದರಲ್ಲಿ ಎಷ್ಟು ನಾನು ಕಂಡದ್ದು, ಎಷ್ಟು ಕೇಳಿದ್ದು ಎಂದು ಯಾರಾದರೂ ಪಟ್ಟು ಹಿಡಿದರೆ ನನ್ನಲ್ಲಿ ಉತ್ತರವಿಲ್ಲ. ಘಟ್ಟದ ಮೇಲಿನ ಡಾಕ್ಟರರನ್ನು ದೂರಬೇಕೆಂದಾಗಲೆಲ್ಲ ಒಂದು ಅನುಮಾನ ಕಾಡುತ್ತಿತ್ತು: ಅವರಿಗೆ ಬಂಜಿ ಎಂದರೆ ಹೊಟ್ಟೆ ಎಂದು ತಿಳಿದಿದ್ದರೂ ಏನಾಗುತ್ತಿತ್ತು? ಆ ಕಾಲದ ವೈದ್ಯಶಾಸ್ತ್ರಕ್ಕೇ ಈ ರೋಗ ಗೊತ್ತಿರಲಿಲ್ಲವೋ ಏನೋ. ಅದನ್ನು ಮಾತ್ರ ಹೋಗಿ ನೋಡಿದೆ. ಪರಿಚಯದವರೊಬ್ಬರನ್ನು ಹಿಡಿದು ವೈದ್ಯಕೀಯ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ, ಸ್ತ್ರೀರೋಗಗಳ ಹಳೆಯ ಪಠ್ಯಪುಸ್ತಕವೊಂದನ್ನು ನಿಂತುಕೊಂಡೇ ತೆರೆದೆ. ಅದೇ ಹೆಸರಿನಲ್ಲಿ ಒಂದು ಇಡೀ ಅಧ್ಯಾಯವಿತ್ತು. ಮುಟ್ಟಿಗೆ ಮೊದಲೇ ಶುರುವಾಗುವ ನೋವು, ಕಕ್ಕಸಿನಲ್ಲಿ ಚುಚ್ಚುವುದು, ಮಕ್ಕಳಾಗದಿರುವುದು, ಎಲ್ಲ ಇತ್ತು. ಆ ಪುಸ್ತಕ ಅಚ್ಚಾದದ್ದು ಅಕ್ಕ ದೊಡ್ಡವಳಾಗುವುದಕ್ಕೆ ಮೊದಲು.